ಶೇವ್ ಮಾಡಿಕೊಳ್ಳುವಾಗ ಶುರುವಾದ ನನ್ನ ಎದೆನೋವು

ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನಗೆ ಗಡ್ಡ ಬರುವುದಿಲ್ಲ. ಈ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬೇಕೆಂದೇ ಈ ಬಹಿರಂಗ ಪತ್ರ. ವಯಸ್ಸಿನ ದೆಸೆಯಿಂದ ಗಲ್ಲದ ಮೇಲೆ ಒಂದೆರಡು ಬಿಳಿ ಕೂದಲು ಇಣುಕುವುದುಂಟು, ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಚಿಮಟ ಸಾಕು, ರೇಜರು ಬೇಕಿಲ್ಲ. ತಮ್ಮ ಮಂಡಳಿಯ ಪ್ರಕಾರ ಮಾತ್ರ ನಾನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಬೋಳಿಸಿಕೊಳ್ಳುವವಳು, ಸಂಜೆಯೊಳಗೆ ಒಂದು ಪ್ಯಾಕು ಸಿಗರೇಟು ಸುಡುವವಳು, ಎದೆನೋವು ಬಂದರೆ ಎಡಗೈ ಹಿಡಿದುಕೊಂಡು ಕುಸಿಯುವವಳು. ಹೀಗೆ ನಂಬಿಸಿಯೇ ತಾವು ಒಂದು ತಲೆಮಾರಿನ ವೈದ್ಯರನ್ನು ತಯಾರು ಮಾಡಿದ್ದೀರಿ. ಆ ವೈದ್ಯರಲ್ಲೊಬ್ಬರ ಮುಂದೆ ಹೋದ ಚಳಿಗಾಲದಲ್ಲಿ ನಾನು ನಿಜವಾದ ಹೃದಯಾಘಾತ ಹೊತ್ತುಕೊಂಡು ಹೋಗಿ ಕೂತೆ. ಅವರು ಗ್ಯಾಸಿನ ಮಾತ್ರೆ ಕೊಟ್ಟರು. ದೂರು ಇಷ್ಟೇ, ಉಳಿದದ್ದು ವಿವರಣೆ. ನಟಿಯಾದ್ದರಿಂದ ವಿವರಣೆ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಬೇಕು.

ನಟಿ ಎಂದ ಕೂಡಲೇ ತಾವು ಕುರ್ಚಿಯಲ್ಲಿ ನೆಟ್ಟಗೆ ಕೂರುವ ಅಗತ್ಯವಿಲ್ಲ. ರಂಗದ ಮೇಲೆ ನಾನು ನಾಯಕಿಯ ತಾಯಿ, ನಾಯಕಿಯ ಪಕ್ಕದ ಮನೆಯವಳು, ಒಮ್ಮೆ ಇಡೀ ಒಂದು ಅಂಕ ಹೆಣ. ಹೆಣವಾಗಿ ಮಲಗಿದ್ದಾಗ ಸೀನಿಬಿಟ್ಟೆ. ಪ್ರೇಕ್ಷಕರಿಗೆ ಆ ನಾಟಕದಲ್ಲಿ ನೆನಪುಳಿದದ್ದು ಅದೊಂದೇ ದೃಶ್ಯ, ಆದರೆ ತಂಡದವರು ಮತ್ತೆ ನನ್ನನ್ನು ಕರೆಯಲಿಲ್ಲ. ಆಗ ಕೈಹಿಡಿದದ್ದು ವೈದ್ಯಕೀಯ ಕಾಲೇಜು. ವಿದ್ಯಾರ್ಥಿಗಳ ಪರೀಕ್ಷೆಗೆ ನಿಜವಾದ ರೋಗಿಗಳನ್ನು ತಂದು ಕೂರಿಸಿದರೆ ಅವರು ಬೇಗ ಸುಸ್ತಾಗುತ್ತಾರೆ, ಹುಡುಗರಿಗೆ ಬೈಯುತ್ತಾರೆ, ಕೆಲವರಂತೂ ಫಲಿತಾಂಶಕ್ಕೂ ಮುಂಚೆ ಗುಣವಾಗಿಬಿಡುತ್ತಾರೆ. ಅದಕ್ಕೆ ನಮ್ಮಂಥ ನಟರನ್ನು ರೋಗಿಗಳನ್ನಾಗಿ ಕೂರಿಸುತ್ತಾರೆ. ಒಂದೊಂದು ಕೊಠಡಿಗೆ ಒಂದೊಂದು ಕಾಯಿಲೆ. ಪ್ರತಿ ಕಾಯಿಲೆಗೂ ತಮ್ಮ ಮಂಡಳಿ ಬರೆದುಕೊಟ್ಟ ಸಂಭಾಷಣೆ ಇರುತ್ತದೆ. ಒಂದನೇ ಕೊಠಡಿಯಲ್ಲಿ ಕೆಮ್ಮು, ಎರಡರಲ್ಲಿ ಹೊಟ್ಟೆನೋವು. ಮೂರನೆಯದು ಹೃದಯಾಘಾತ. ಅದು ನನ್ನದು, ಬಹಳ ವರ್ಷಗಳಿಂದ.

ನನಗಿಂತ ಮೊದಲು ಆ ಕೊಠಡಿಯಲ್ಲಿದ್ದವರು ದಪ್ಪ ಮೀಸೆಯ ಹಿರಿಯ ನಟರೊಬ್ಬರು. ಅವರಿಗೆ ಟಿವಿ ಧಾರಾವಾಹಿಯಲ್ಲಿ ಮಾವನ ಪಾತ್ರ ಸಿಕ್ಕಿ, ಹೃದಯಾಘಾತವನ್ನು ಅರ್ಧಕ್ಕೇ ಬಿಟ್ಟು ಹೋದರು. ಪರೀಕ್ಷೆಯ ಹಿಂದಿನ ದಿನ ಪ್ರೊಫೆಸರು ನನ್ನನ್ನು ಕರೆದು, ಹಾಳೆಯ ನೆತ್ತಿಯ ಮೇಲಿದ್ದ 'ಪುರುಷ' ಎಂಬ ಪದವನ್ನು ಹೊಡೆದುಹಾಕಿ 'ಮಹಿಳೆ' ಎಂದು ಬರೆದು ಕೊಟ್ಟರು. ಕೆಳಗಿನ ಒಂದಕ್ಷರವನ್ನೂ ಮುಟ್ಟಲಿಲ್ಲ.

"ಸರ್, ಇಲ್ಲಿ 'ಬೆಳಿಗ್ಗೆ ಶೇವ್ ಮಾಡ್ಕೋತಾ ಇದ್ದೆ, ಆವಾಗ ನೋವು ಶುರುವಾಯ್ತು' ಅಂತಿದೆ" ಎಂದೆ.

"ಇರೋದನ್ನ ಇದ್ದ ಹಾಗೇ ಹೇಳಿಮ್ಮ. ಒಂದು ಮಾತು ಆಚೀಚೆ ಆದ್ರೂ ಎಲ್ಲರಿಗೂ ಒಂದೇ ಪರೀಕ್ಷೆ ಆಗಲ್ಲ."

"ಸಿಗರೇಟೂ ಇದೆ ಸರ್."

"ಇರ್ಲಿ ಬಿಡಿ. ನೀವೇನು ಹಚ್ಚಬೇಕಾಗಿಲ್ಲವಲ್ಲ."

ಹೇಳಿದೆ. ಕಂಠಪಾಠ ಒಪ್ಪಿಸಿದ ಹಾಗೆ ಹೇಳಿದೆ. "ಶೇವ್ ಮಾಡ್ಕೋತಾ ಇದ್ದೆ ಡಾಕ್ಟ್ರೇ, ಎದೆ ಮೇಲೆ ಯಾರೋ ಚಪ್ಪಡಿಕಲ್ಲು ಇಟ್ಟ ಹಾಗಾಯ್ತು, ನೋವು ಎಡಗೈಗೆ ಇಳೀತು" ಎಂದು ಮುಷ್ಟಿ ಎದೆಗೊತ್ತಿ ನರಳಿದೆ. ಎದುರಿಗಿದ್ದ ವಿದ್ಯಾರ್ಥಿ ನಗಲಿಲ್ಲ, ತಲೆ ಎತ್ತಲೂ ಇಲ್ಲ. ಬರೆದುಕೊಂಡ. ಅವನ ನಂತರ ಬಂದವಳೂ ಬರೆದುಕೊಂಡಳು. ಒಬ್ಬ ಚೂಟಿ ಹುಡುಗ ಮಾತ್ರ "ಯಾವ ಕೈಯಲ್ಲಿ ಶೇವ್ ಮಾಡ್ತಿದ್ರಿ?" ಎಂದು ಕೇಳಿದ. ಸೂಕ್ಷ್ಮವಾಗಿ ವಿಚಾರಿಸಿದನೆಂದು ಅವನಿಗೆ ಪರೀಕ್ಷಕರು ಹೆಚ್ಚು ಅಂಕ ಕೊಟ್ಟರಂತೆ. ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ? ಗಡ್ಡವಿಲ್ಲದೆ ಗಡ್ಡ ಬೋಳಿಸಿಕೊಂಡು ನಂಬಿಸಿದ ನಟಿ ಈ ಭೂಮಿಯ ಮೇಲೆ ಇನ್ನೊಬ್ಬಳಿಲ್ಲ ಎಂದು ಮನೆಗೆ ಬಂದು ಅತ್ತಿಗೆಯ ಮುಂದೆ ಜಂಬ ಕೊಚ್ಚಿಕೊಂಡೆ. ಆ ವಿದ್ಯಾರ್ಥಿಗಳು ನನ್ನ ಮುಖವನ್ನೇ ನೋಡಲಿಲ್ಲ, ನೋಡಿದ್ದರೆ ತಾನೇ ನಂಬುವ ಪ್ರಶ್ನೆ ಎಂಬುದು ಆಗ ಹೊಳೆಯಲಿಲ್ಲ.

ಅತ್ತಿಗೆ ಎಂದೆ. ಅಣ್ಣ ಹೋದ ಮೇಲೆ ನಾನೂ ಅವರೂ ಒಂದೇ ಮನೆಯಲ್ಲಿದ್ದೇವೆ. ಕೆಳಗೆ ಅವರ ಇಸ್ತ್ರಿ ಅಂಗಡಿ, ಮೇಲೆ ನಮ್ಮ ವಾಸ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಹೆಂಗಸು. ಅವರ ಬಾಯಲ್ಲಿ ಅತಿ ಹೆಚ್ಚು ಬರುವ ಮಾತು "ಏನಿಲ್ಲ". ಕೈ ಸುಟ್ಟುಕೊಂಡರೂ ಏನಿಲ್ಲ, ಜ್ವರ ಬಂದರೂ ಏನಿಲ್ಲ. ನಾನು ಅದರ ತದ್ವಿರುದ್ಧ. ನನಗೆ ಸೊಳ್ಳೆ ಕಚ್ಚಿದರೂ ಮೂರು ಅಂಕದ ನಾಟಕ. ಹಾಗಾಗಿ ಹೋದ ಚಳಿಗಾಲದ ಆ ಬೆಳಿಗ್ಗೆ ನಾನು ಸುಮ್ಮನೆ ಮೆಟ್ಟಿಲ ಮೇಲೆ ಕೂತದ್ದೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

ಆದದ್ದು ಹೀಗೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ದವಡೆ ಹಿಡಿದುಕೊಂಡಂತಾಯಿತು. ಹಲ್ಲು ಎಂದುಕೊಂಡೆ. ಬೀದಿ ಕೊನೆಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಒಂದೊಂದು ಹಲ್ಲನ್ನೂ ತಟ್ಟಿ ನೋಡಿ "ನಿಮ್ಮ ವಯಸ್ಸಿಗೆ ಇಷ್ಟು ಗಟ್ಟಿ ಹಲ್ಲು ನೋಡೇ ಇಲ್ಲ" ಎಂದರು. ಹೃದಯ ಬಡಿತ ತಪ್ಪುತ್ತಿದ್ದಾಗ ನಾನು ನನ್ನ ಹಲ್ಲಿನ ಹೊಗಳಿಕೆ ಕೇಳಿಕೊಂಡು ಬೀಗುತ್ತಾ ಮನೆಗೆ ಬಂದೆ. ಮೆಟ್ಟಿಲು ಹತ್ತಲಾಗಲಿಲ್ಲ. ಬೆನ್ನಿನ ಮೇಲ್ಭಾಗದಲ್ಲಿ ಭಾರ, ಹೊಟ್ಟೆಯಲ್ಲಿ ತೊಳಸು, ಮೈಯಲ್ಲಿ ಹತ್ತು ಊರು ಸುತ್ತಿ ಬಂದಂಥ ಆಯಾಸ.

ಅತ್ತಿಗೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಬಂದರು. "ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ? ಹಾರ್ಟಿಂದೇನಾದ್ರೂ ಇರಬಹುದೇನೇ?"

"ಹಾರ್ಟಾ? ಹಾರ್ಟ್ ಆದ್ರೆ ಹೀಗಿರತ್ತಾ ಅತ್ತಿಗೆ? ನಂಗೊತ್ತಿಲ್ವಾ? ವರ್ಷಾ ವರ್ಷಾ ನಾನೇ ಮಾಡ್ತೀನಲ್ಲ!" ಎಂದು ನಕ್ಕೆ. ಅಷ್ಟಕ್ಕೇ ಬಿಡದೆ, ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಮುಷ್ಟಿ ಎದೆಗೊತ್ತಿ, ನಿಜವಾದ ಹೃದಯಾಘಾತ ಹೇಗಿರುತ್ತದೆಂದು ಅವರಿಗೆ ಮಾಡಿ ತೋರಿಸಿದೆ. ನಿಜವಾದ ಹೃದಯಾಘಾತ ಆಗುತ್ತಿರುವಾಗ ಸುಳ್ಳು ಹೃದಯಾಘಾತ ಅಭಿನಯಿಸಿ, ನನಗೆ ಹೃದಯಾಘಾತ ಆಗಿಲ್ಲವೆಂದು ಸಾಧಿಸಿದ ಪ್ರಪಂಚದ ಏಕೈಕ ಮೂರ್ಖಳು ನಾನೇ ಇರಬೇಕು. ಈ ಸಾಧನೆಯಲ್ಲಿ ತಮ್ಮ ಮಂಡಳಿಗೂ ಸಮಪಾಲಿದೆ.

ಅತ್ತಿಗೆ ಕೇಳಲಿಲ್ಲ. ಅಂಗಡಿಯ ಬಾಗಿಲೆಳೆದು ನನ್ನನ್ನು ಆಸ್ಪತ್ರೆಗೆ ಹೊರಡಿಸಿದರು. ತುರ್ತು ವಿಭಾಗದ ಡ್ಯೂಟಿ ಡಾಕ್ಟರು ಎಳೆಯ ಮುಖದವರು. ದವಡೆ ಎಂದೆ, ಬೆನ್ನು ಎಂದೆ, ಸುಸ್ತು ಎಂದೆ. ಅವರು ಒಂದೇ ಉಸಿರಿಗೆ ಕೇಳಿದರು: "ಮನೇಲಿ ಟೆನ್ಷನ್ ಇದೆಯಾ? ನಿದ್ದೆ ಬರತ್ತಾ? ಮುಟ್ಟು ನಿಂತಿದೆಯಾ?" ಮೂರಕ್ಕೂ ಹೌದೆಂದೆ. ಯಾವ ಹೆಂಗಸು ಇಲ್ಲವೆಂದಾಳು? "ಗ್ಯಾಸು. ಈ ವಯಸ್ಸಲ್ಲಿ ಆಗತ್ತೆ" ಎಂದು ಮಾತ್ರೆ ಬರೆದು, ಹೊರಗಿನ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳಲು ಹೇಳಿದರು. ನನಗೆ ಸಮಾಧಾನವೇ ಆಯಿತು. ಅವರೂ ನಾನೂ, ಪರಿಣತರಿಬ್ಬರ ಅಭಿಪ್ರಾಯ ಒಂದೇ ಆಗಿತ್ತಲ್ಲ.

ಅದೇ ಬೆಂಚಿಗೆ ಒಬ್ಬ ಗಂಡಸು ಬಂದ. ಬಂದವನೇ ಎಡಗೈ ಹಿಡಿದುಕೊಂಡು "ಎದೆ! ಎದೆ!" ಎಂದ. ಕಣ್ಣುಮಿಟುಕಿಸುವಷ್ಟರಲ್ಲಿ ಸ್ಟ್ರೆಚರು ಬಂತು, ಇಬ್ಬರು ನರ್ಸುಗಳು ಬಂದರು, ಎಳೆಯ ಡಾಕ್ಟರು ಓಡಿಬಂದರು. ಎಂಥ ಅಚ್ಚುಕಟ್ಟಾದ ಅಭಿನಯ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅವನಿಗೆ ಆಗಿದ್ದದ್ದು ಗ್ಯಾಸು, ಮಾನ್ಯರೇ. ಮರುದಿನ ನರ್ಸು ಹೇಳಿದ್ದು. ಆ ದಿನ ಆ ಆಸ್ಪತ್ರೆಯಲ್ಲಿ ಗ್ಯಾಸಿಗೆ ಹೃದಯದ ಚಿಕಿತ್ಸೆ, ಹೃದಯಕ್ಕೆ ಗ್ಯಾಸಿನ ಚಿಕಿತ್ಸೆ ಏಕಕಾಲಕ್ಕೆ ನಡೆಯಿತು.

ಬೆಂಚಿನ ಮೇಲೆ ನನ್ನ ಕಣ್ಣಿಗೆ ಕತ್ತಲೆ ಕವಿಯಿತು. ಆಗ ಮೊದಲ ಸಲ ಹೆದರಿಕೆಯಾಯಿತು. ಸಾಯುತ್ತೇನೆ ಎನ್ನಿಸಿತು, ಅತ್ತಿಗೆಯ ಕೈ ಹಿಡಿದುಕೊಂಡೆ. ಇವರಿಗೆ ನನ್ನ ನೋವಿನ ಭಾಷೆ ಬರುವುದಿಲ್ಲ, ಇವರಿಗೆ ಬರುವ ಭಾಷೆಯಲ್ಲೇ ಮಾತಾಡಬೇಕು ಎಂದು ಎಲ್ಲಿಂದಲೋ ಹೊಳೆಯಿತು. ಎದ್ದು ನಿಂತೆ. ಮುಷ್ಟಿ ಎದೆಗೊತ್ತಿದೆ. ಮೂರನೇ ಕೊಠಡಿಯ ಸಂಭಾಷಣೆಯನ್ನು ಒಂದಕ್ಷರ ಬಿಡದೆ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹೇಳಿದೆ: "ಶೇವ್ ಮಾಡ್ಕೋತಾ ಇದ್ದೆ ಡಾಕ್ಟ್ರೇ! ಎದೆ ಮೇಲೆ ಯಾರೋ ಚಪ್ಪಡಿಕಲ್ಲು ಇಟ್ಟ ಹಾಗಾಯ್ತು!" ಹೇಳಿ, ಎಡಕ್ಕೆ ವಾಲಿ ಬಿದ್ದೆ. ಬೀಳುವುದು ಅಭಿನಯವೋ ನಿಜವೋ ನನಗೇ ಗೊತ್ತಾಗಲಿಲ್ಲ.

ಸ್ಟ್ರೆಚರು ಬಂತು! ಎದೆಗೆ ವೈರುಗಳು ಅಂಟಿದವು. ಡಾಕ್ಟರು ನನ್ನ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿ, ಮುಖವರಳಿಸಿದರು. "ಅರೆ! ಆಂಟಿ, ನೀವು ಮೂರನೇ ಕೊಠಡಿ ಅಲ್ವಾ? ನಮ್ಮ ಪರೀಕ್ಷೇಲಿ ಬಂದಿದ್ರಿ! ಅದೇ ಡೈಲಾಗು! ಯಾವ ಕೈಯಲ್ಲಿ ಶೇವ್ ಅಂತ ಕೇಳಿದ್ದೆ ನೋಡಿ, ಅದು ನಾನೇ." ಅವರಿಗೆ ನಗು ತಡೆಯಲಾಗಲಿಲ್ಲ. "ಇಲ್ಲೂ ಪ್ರಾಕ್ಟೀಸಾ ಆಂಟಿ? ಸಿಸ್ಟರ್, ವೈರ್ ತೆಗೀರಿ. ಇವರು ಆರ್ಟಿಸ್ಟು."

ಕಲಾವಿದೆಯೆಂದು ಜೀವಮಾನದಲ್ಲಿ ಮೊದಲ ಬಾರಿ ಒಬ್ಬರು ಗುರುತು ಹಿಡಿದರು, ಅದೂ ಸಾಯುವ ಹೊತ್ತಿನಲ್ಲಿ.

"ಆರ್ಟಿಸ್ಟಾದ್ರೆ ಕಾಯಿಲೆ ಬರಬಾರದಾ?" ಎಂದು ಅತ್ತಿಗೆ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ನರ್ಸು ಯಂತ್ರದ ಗುಂಡಿ ಒತ್ತಿಯಾಗಿತ್ತು. ಕಾಗದದ ಪಟ್ಟಿ ಹೊರಬಂತು. ಆ ಯಂತ್ರ ನಾಟಕ ನೋಡುವ ಪೈಕಿ ಅಲ್ಲ, ನೋಡಿ. "ಡಾಕ್ಟ್ರೇ, ಒಂದ್ನಿಮಿಷ ಇದನ್ನ ನೋಡಿ" ಎಂದರು ನರ್ಸು. ಡಾಕ್ಟರ ಮುಖದ ನಗು ಹಾಗೇ ಇಂಗಿಹೋಯಿತು. ಅಂಥ ಭಾವವನ್ನು ನಾನು ಯಾವ ಪ್ರೇಕ್ಷಕನ ಮುಖದಲ್ಲೂ ಮೂಡಿಸಿದವಳಲ್ಲ. ಆಮೇಲೆ ಅವರು ನನಗಾಗಿ ಓಡಾಡಿದ ಪರಿ ನೋಡಿದರೆ ಕೆಟ್ಟವರಲ್ಲ. ನಾನು ಕಲಿಸಿದ್ದನ್ನೇ ಕಲಿತವರು, ಪಾಪ.

ಬದುಕಿದೆ. ಆದರೆ ಇಡಿಯಾಗಿ ಅಲ್ಲ. ದವಡೆ ಹಿಡಿದದ್ದಕ್ಕೂ ಚಿಕಿತ್ಸೆ ಶುರುವಾದದ್ದಕ್ಕೂ ನಡುವೆ ಕಳೆದ ಹೊತ್ತಿನಲ್ಲಿ ಹೃದಯದ ಮಾಂಸಖಂಡದ ಒಂದು ಪಾಲು ಸತ್ತುಹೋಗಿದೆ, ಅದು ತಿರುಗಿ ಬರುವುದಿಲ್ಲ ಎಂದು ಹೃದಯದ ಡಾಕ್ಟರಮ್ಮ ಹೇಳಿದರು. ಉದ್ದದ ಮಾತಿಗೆ ಈಗ ಉಸಿರು ಸಾಲುವುದಿಲ್ಲ. ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಿದ್ದೇನೆ, ಅದರಲ್ಲಿ ಅಭಿನಯ ಇರಲಿಲ್ಲ. ಮರುದಿನ ಅವರನ್ನೇ ಕೇಳಿದೆ: "ಹೆಂಗಸರಿಗೆ ಹೀಗೇ ಬರತ್ತಾ ಡಾಕ್ಟ್ರೇ?"

"ಎದೆನೋವೂ ಬರತ್ತೆ. ಆದ್ರೆ ಎಷ್ಟೋ ಜನಕ್ಕೆ ಅದರ ಜೊತೆಗೋ, ಒಂದೊಂದ್ಸಲ ಅದಿಲ್ಲದೇನೋ, ದವಡೆ, ಬೆನ್ನು, ವಾಕರಿಕೆ, ಸುಸ್ತು, ಹೀಗೂ ಬರತ್ತೆ."

"ನಿಮ್ಮ ಪುಸ್ತಕದಲ್ಲಿ ಇದೆಯಾ ಇದು?"

"ಇದೆ" ಎಂದು ಅವರು ಸ್ವಲ್ಪ ಸಂಕೋಚದಿಂದ ನಕ್ಕರು. "ಕೊನೇಲಿ. 'ಅಸಹಜ ಲಕ್ಷಣಗಳು' ಅಂತ."

ಅಸಹಜ! ಮಾನ್ಯರೇ, ಈ ಭೂಮಿಯ ಮೇಲೆ ಅರ್ಧದಷ್ಟು ಜನ ಹೆಂಗಸರು. ಅರ್ಧದಷ್ಟು ಜನ ಒಟ್ಟಿಗೆ ಅಸಹಜವಾಗಲು ಸಾಧ್ಯವೇ? ಸಹಜವೆಂಬ ಅಳತೆಗೋಲು ಹಿಡಿದವರು ಯಾರು? ಕನ್ನಡಿಯ ಮುಂದೆ ರೇಜರು ಹಿಡಿದು ನಿಂತವರೇ ತಾನೇ? ತಾವು ಹೇಳಿದ ಹಾಗೆ ಕಾಯಿಲೆ ಬೀಳಲು ಬಾರದ್ದು ನಮ್ಮ ತಪ್ಪೋ, ಅಥವಾ ನಮಗೆ ಹೇಗೆ ಕಾಯಿಲೆ ಬರುತ್ತದೆಂದು ನೋಡಲು ಬಾರದ್ದು ತಮ್ಮ ತಪ್ಪೋ?

ಹಾಸಿಗೆಯಿಂದ ಎದ್ದ ಮೇಲೆ ಮೊದಲು ಮಾಡಿದ ಕೆಲಸ, ಮೂರನೇ ಕೊಠಡಿಯ ಸಂಭಾಷಣೆ ಬದಲಿಸಿ ಎಂದು ತಮಗೆ ಮನವಿ ಸಲ್ಲಿಸಿದ್ದು. ತಮ್ಮ ಕಚೇರಿ ಸುಮ್ಮನಿರಲಿಲ್ಲ, ಒಪ್ಪಿಕೊಳ್ಳಬೇಕು. ಉತ್ತರ ಬಂತು. ಮಹಿಳಾ ಸಂವೇದನೆಯ ದೃಷ್ಟಿಯಿಂದ 'ಶೇವ್ ಮಾಡ್ಕೋತಾ ಇದ್ದೆ' ಎಂಬುದನ್ನು 'ಪಾತ್ರೆ ತೊಳೀತಾ ಇದ್ದೆ' ಎಂದು ಸೂಕ್ತವಾಗಿ ತಿದ್ದಲಾಗಿದೆ ಎಂದಿತ್ತು. ಸಿಗರೇಟು ಹಾಗೇ ಇದೆ. ಚಪ್ಪಡಿಕಲ್ಲೂ ಎಡಗೈಯೂ ಹಾಗೇ ಇವೆ. ಅಂದರೆ ಇನ್ನು ಮುಂದೆ ನಾನು ಒಂದು ಕೈಯಲ್ಲಿ ಸಿಗರೇಟು ಹಿಡಿದು ಇನ್ನೊಂದು ಕೈಯಲ್ಲಿ ಪಾತ್ರೆ ತೊಳೆಯುವಾಗ ಗಂಡಸಿನ ಹಾಗೆ ಎದೆ ಹಿಡಿದುಕೊಂಡು ಬೀಳಬೇಕು. ಉಳಿದ ಲಕ್ಷಣಗಳನ್ನು ಸೇರಿಸಲು 'ಮಹಿಳೆಯರ ಕುರಿತು ಸಾಕಷ್ಟು ಸಂಶೋಧನೆ ಲಭ್ಯವಿಲ್ಲದ ಕಾರಣ' ಸಾಧ್ಯವಿಲ್ಲವಂತೆ.

ಲಭ್ಯವಿಲ್ಲದಿದ್ದರೆ ನಾನೇ ಲಭ್ಯಳಾಗುತ್ತೇನೆ ಎಂದು ಹೊರಟೆ. ತಮ್ಮದೇ ಕಾಲೇಜಿನ ನಾಲ್ಕನೇ ಮಹಡಿಯಲ್ಲಿ ಹೃದಯ ಸಂಶೋಧನಾ ಘಟಕವಿದೆ. ಲಿಫ್ಟು ಕೆಟ್ಟಿದೆ. ಹೃದ್ರೋಗಿಗಳನ್ನು ಮೆಟ್ಟಿಲ ಮೇಲೆಯೇ ಸೋಸಿ ಆರಿಸುವ ಈ ಪದ್ಧತಿಗೆ ತಲೆದೂಗುತ್ತಾ, ಪ್ರತಿ ತಿರುವಿನಲ್ಲೂ ಕೂತು ಎದ್ದು ತಲುಪಿದೆ. ಮೇಜಿನ ಹಿಂದಿದ್ದ ಗುಮಾಸ್ತರು ನನ್ನನ್ನು ನೋಡಿ "ಯಜಮಾನ್ರು ಎಲ್ಲಮ್ಮ?" ಎಂದರು.

"ಹಾರ್ಟ್ ಅಟ್ಯಾಕ್ ಆಗಿದ್ದು ನಂಗೆ. ಸಂಶೋಧನೆಗೆ ಸೇರಿಸ್ಕೊಳ್ಳಿ."

"ಇದು ಗಂಡಸರಿಗೆ ಮಾತ್ರ ಅಮ್ಮ. ಹೆಂಗಸರು ಬಂದ್ರೆ ಲೆಕ್ಕ ಕೆಡತ್ತೆ. ನಿಮ್ಮ ಮೈ ತಿಂಗಳಾ ತಿಂಗಳಾ ಬದಲಾಗತ್ತಲ್ಲ."

"ನನ್ನದು ಬದಲಾಗೋದು ನಿಂತು ಎಷ್ಟೋ ವರ್ಷ ಆಯ್ತಪ್ಪ."

"ಹಾಗಾದ್ರೆ ವಯಸ್ಸಾಯ್ತು ಅಂತ ನಿಮ್ಮ ಹೆಸರು ಬಿಟ್ಟುಹೋಗತ್ತೆ" ಎಂದರು ಅವರು, ನಿಜವಾದ ಕನಿಕರದಿಂದ. "ಮಾತ್ರೆಗಳು ಕೆಲಸ ಮಾಡ್ತಿವೆ ತಾನೇ?"

ಮಾಡುತ್ತಿವೆ. ಕಾಲು ಊದಿಸುವ ಕೆಲಸವನ್ನೂ ತಲೆ ತಿರುಗಿಸುವ ಕೆಲಸವನ್ನೂ ಜೊತೆಗೆ ಮಾಡುತ್ತಿವೆ. ಅವನ್ನು ಯಾರ ಮೇಲೆ ಪರೀಕ್ಷಿಸಿದ್ದೀರಿ ಎಂದು ಕೇಳಲು ಹೋಗಲಿಲ್ಲ. ಸಂಶೋಧನೆ ಇಲ್ಲದ್ದರಿಂದ ಪಾಠವಿಲ್ಲ, ಲೆಕ್ಕ ಕೆಡುವುದರಿಂದ ಸಂಶೋಧನೆಯಿಲ್ಲ, ಪಾಠವಿಲ್ಲದ್ದರಿಂದ ನಾವು ಬೆಂಚಿನ ಮೇಲೆ. ಇಳಿಯುವಾಗ ಇದನ್ನೇ ಯೋಚಿಸುತ್ತಾ ಬಂದೆ. ಇಳಿಯುವುದು ಸುಲಭವಿತ್ತು.

ಇಷ್ಟನ್ನೂ ನುಂಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಜೀವ ಉಳಿಯಿತಲ್ಲ, ಜೊತೆಗೆ ಹೇಳಿಕೊಂಡು ನಗಿಸಲು ಒಂದು ಕಥೆಯೂ ಸಿಕ್ಕಿತಲ್ಲ ಎಂದು. ಆದರೆ ಕೆಲವು ದಿನಗಳಿಂದ ನಮ್ಮ ಅತ್ತಿಗೆ ಮೆಟ್ಟಿಲ ನಡುವೆ ಕೂತುಕೊಳ್ಳುತ್ತಿದ್ದಾರೆ. ಭುಜ ಉಜ್ಜಿಕೊಳ್ಳುತ್ತಾರೆ. ಕೇಳಿದರೆ ಏನಿಲ್ಲ, ಇಸ್ತ್ರಿ ಎಳೆದೂ ಎಳೆದೂ ಭುಜ ಹಿಡಿದಿದೆ ಅಷ್ಟೇ. ನಿನ್ನೆ ಅರ್ಧ ಊಟಕ್ಕೇ ಎದ್ದರು. ಇವತ್ತು ಬೆಳಿಗ್ಗೆ ಒಂದು ಅಂಗಿ ಮಡಚುವುದರೊಳಗೆ ಹಣೆಯಲ್ಲಿ ಬೆವರು.

"ಅತ್ತಿಗೆ, ಏಳಿ, ಆಸ್ಪತ್ರೆಗೆ ಹೋಗೋಣ."

"ಹೋಗಿ ಏನಂತ ಹೇಳ್ಲಿ?" ಎಂದರು. ಆಮೇಲೆ, ನಾಚಿಕೊಂಡವರಂತೆ ತಲೆ ತಗ್ಗಿಸಿ, "ನಿನ್ನ ಥರ ನಂಗೆ ಆಕ್ಟಿಂಗ್ ಬರಲ್ಲ ಕಣೇ."

ಮಾನ್ಯರೇ, ಈ ಪತ್ರ ಆ ಒಂದು ಮಾತಿಗಾಗಿ. ಬದುಕಲು ಅಭಿನಯ ಬರಬೇಕು ಎಂದು ನಮ್ಮ ಅತ್ತಿಗೆ ನಂಬಿದ್ದಾರೆ. ಅವರ ಕಣ್ಣೆದುರೇ ನಡೆದದ್ದನ್ನು ನೋಡಿ ನಂಬಿದ್ದಾರೆ. ಅವರು ತಪ್ಪು ತಿಳಿದಿದ್ದಾರೆ ಎಂದು ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲ. ತಮ್ಮ ಬಳಿ ಇದೆಯೇ?

ಕೊನೆಗೆ ಒಪ್ಪಿಸಿದ್ದೇನೆ. ಗಾಡಿಗೆ ಫೋನು ಮಾಡಿಯಾಗಿದೆ. ಬೆಳಿಗ್ಗೆಯಿಂದ ಅವರು ಒಲ್ಲೆನ್ನುತ್ತಿದ್ದಷ್ಟು ಹೊತ್ತೂ ಪಕ್ಕದಲ್ಲೇ ಕೂತು ಬರೆಯುತ್ತಿದ್ದ ಈ ಪತ್ರವನ್ನು, ಅತ್ತಿಗೆ ಅಂಗಡಿಯ ಬಾಗಿಲೆಳೆದು ಚಪ್ಪಲಿ ಮೆಟ್ಟುವುದರೊಳಗೆ ಮುಗಿಸಬೇಕು. ಆದ್ದರಿಂದ ಬೇಡಿಕೆಯನ್ನು ಅಲಂಕಾರವಿಲ್ಲದೆ ಇಡುತ್ತೇನೆ. ಮೂರನೇ ಕೊಠಡಿಗೆ ಒಬ್ಬ ಹೆಂಗಸಿನ ಹೃದಯಾಘಾತ ಬರೆಸಿ, ಅದನ್ನು ಗುರುತಿಸದವರನ್ನು ಪಾಸು ಮಾಡಬೇಡಿ. ನಾಲ್ಕನೇ ಮಹಡಿಯಲ್ಲಿ ನಮ್ಮನ್ನೂ ಸೇರಿಸಿಕೊಳ್ಳಿ. ನಾವು ಬಂದರೆ ಕೆಡುವ ಲೆಕ್ಕ ಮೊದಲೇ ತಪ್ಪಿದ್ದು. ಹಾಗೆಯೇ ಆ ಲಿಫ್ಟು ಸರಿಮಾಡಿಸಿ. ಮುಂದಿನ ಪರೀಕ್ಷೆಗೆ ನಾನು ಬಂದೇ ಬರುತ್ತೇನೆ, ಆದರೆ ಹಳೆಯ ಪಾಠ ಒಪ್ಪಿಸುವುದಿಲ್ಲ. ದವಡೆ ಹಿಡಿದುಕೊಂಡು, ಸುಸ್ತು ಎಂದು, ಸುಮ್ಮನೆ ಕೂರುತ್ತೇನೆ. ತಾವೇ ಪರೀಕ್ಷಕರಾಗಿ ಬನ್ನಿ, ಎಷ್ಟು ಜನ ನನ್ನನ್ನು ಉಳಿಸುತ್ತಾರೆ ಎಂದು ಒಟ್ಟಿಗೆ ನೋಡೋಣ.

ಗಾಡಿ ಬಂತು. ಆಸ್ಪತ್ರೆಯಲ್ಲಿ ಅತ್ತಿಗೆ ನಿಜವನ್ನೇ ಹೇಳುತ್ತಾರೆ, ಅವರಿಗೆ ಬರುವುದು ಅದೊಂದೇ. ಅದನ್ನು ಕೇಳಿ ಅವರಿಗೆ ಗ್ಯಾಸಿನ ಮಾತ್ರೆ ಬರೆದುಕೊಟ್ಟರೆ, ಪಕ್ಕದಲ್ಲಿ ನಾನಿರುತ್ತೇನೆ. ಎದೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತೇನೆ. ಸ್ಟ್ರೆಚರು ಬಂದ ಮೇಲೆ ಅವರನ್ನು ಅದರ ಮೇಲೆ ಮಲಗಿಸುತ್ತೇನೆ.

ಇಂತಿ,
ಅಸಹಜ ಲಕ್ಷಣಗಳ, ಗಡ್ಡವಿಲ್ಲದ,
ಮೂರನೇ ಕೊಠಡಿಯ ರೋಗಿ